ನಾನು ಪೈಡಗೋಗೋಸ್ ಆದ ದಿನ

ನನಗೆ ಹೊಟ್ಟೆಕಿಚ್ಚು. ಅದೂ ಅರವತ್ತು ದಾಟಿದ ಡ್ರೈವರ್ ಒಬ್ಬರ ಮೇಲೆ. ಹೇಳಿಕೊಳ್ಳಲು ನಾಚಿಕೆ, ಆದರೆ ಇದ್ದದ್ದು ಇದ್ದಂತೆ ಹೇಳಬೇಕಲ್ಲ.

ಉಪ್ಪಿನಂಗಡಿಯ ಮೂಸಬ್ಬ ನನ್ನ ಒಂಬತ್ತು ವರ್ಷದ ಮಗಳು ಅಮೂಲ್ಯಾಳನ್ನು ನಾಲ್ಕು ವರ್ಷದಿಂದ, ಕೊಲ್ಲಿ ದೇಶದ ಈ ನಗರದಲ್ಲಿ, ಐನ್ ಖಾಲಿದ್ ಬಡಾವಣೆಯ ನಮ್ಮ ಮನೆಯಿಂದ ಶಾಲೆಗೆ ಕರೆದೊಯ್ದು ತರುತ್ತಾರೆ. ವಿಶ್ವಕಪ್ ಬರುತ್ತದೆಂದು ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದರಿಂದ ದಿನಕ್ಕೆ ಎರಡು ಗಂಟೆ ಅವಳು ಅವರ ಕಾರಿನಲ್ಲೇ. ನಗರದ ನಡುವಿನ ಮುಶೈರಿಬ್‌ನಲ್ಲಿರುವ ಆಫೀಸಿನಿಂದ ನಾನು ಮನೆ ಸೇರುವಷ್ಟರಲ್ಲಿ ಅವಳ ಮಾತೆಲ್ಲ ಖಾಲಿ. ಮೈಸೂರಿನ ನನ್ನನ್ನು ನನ್ನ ಮಗಳೇ ‘ಎಂತ ಮಾರಾಯ್ತಿ’ ಎಂದು ಮಾತಾಡಿಸುತ್ತಾಳೆ. ಹೆತ್ತವಳು ನಾನು, ಕನ್ನಡ ಮಾತ್ರ ಅವರದು!

ಶಾಲೆಯಲ್ಲಿ ಪ್ರಾಚೀನ ಗ್ರೀಕರ ಪಾಠ ಬಂತು. ಅಮೂಲ್ಯಾ ಚಾರ್ಟ್ ಬರೆದಳು. ಮುಂದೆ ಒಬ್ಬ ಹುಡುಗ, ಹಿಂದೆ ಅವನ ಚೀಲವನ್ನೂ ತಂತಿವಾದ್ಯವನ್ನೂ ಹೊತ್ತ ಗಡ್ಡದ ಮುದುಕ. ಆ ಗಡ್ಡ ಮೂಸಬ್ಬನದೇ.

"ಇವರು ಪೈಡಗೋಗೋಸ್ ಅಮ್ಮ. ಏಳು ವರ್ಷ ಆದ ಮೇಲೆ ಶಾಲೆಗೆ ಕರ್ಕೊಂಡು ಹೋಗುವುದು, ಒಳ್ಳೆ ನಡತೆ ಕಲಿಸುವುದು ಎಲ್ಲ ಇವರೇ."

"ಅಮ್ಮ ಎಲ್ಲೇ?"

"ಅಮ್ಮ ಮನೆಯಲ್ಲಿ. ಚಾರ್ಟಿನಲ್ಲಿ ಜಾಗ ಇಲ್ಲ."

ಮೈಯೆಲ್ಲ ಉರಿಯಿತು. "ಅವ್ನು ಮನೆ ಗುಲಾಮ ಅಂತ ನಿನ್ ಪುಸ್ತಕದಲ್ಲೇ ಇದೆ. ಅದನ್ನೂ ನಿನ್ ಮೂಸಜ್ಜಂಗೆ ಹೇಳಿದ್ಯಾ?"

"ಹೇಳಿದ್ದೇನೆ. ಗುಲಾಮ ಆದ್ರೂ ಮಗುವನ್ನು ಜೋಪಾನ ಮಾಡಿದನಲ್ಲ ಮಗಳೇ, ಅಂದ್ರು."

ಶಾಲೆಯಲ್ಲಿ ಈ ಪಾಠದ ಪ್ರದರ್ಶನ ಇಟ್ಟಿದ್ದ ದಿನ ಪ್ರತಿ ಮಗುವಿನ ಜೊತೆ ದೊಡ್ಡವರೊಬ್ಬರು ಪೈಡಗೋಗೋಸ್ ಆಗಿ ಬರಬೇಕಿತ್ತು. ಇವಳು ನನ್ನನ್ನು ಕೇಳದೆ ಮೂಸಬ್ಬನನ್ನು ಕರೆದಾಗಿತ್ತು. ಅವರು ಬಿಳಿ ಜುಬ್ಬಾ ಇಸ್ತ್ರಿ ಮಾಡಿಸಿ ಇಟ್ಟುಕೊಂಡಿದ್ದರಂತೆ. ನಾನು ಆಫೀಸಿಗೆ ರಜೆ ಹಾಕಿ ಅವರಿಗೆ ಫೋನ್ ಮಾಡಿದೆ.

"ನಾಳೆ ನೀವು ಬರೋದು ಬೇಡ. ನಾನೇ ಹೋಗ್ತೀನಿ."

"ಒಳ್ಳೆದಾಯ್ತಮ್ಮ. ತಾಯಿ ಹೋಗುವುದೇ ಚಂದ" ಅಂದರು. ಗೆದ್ದೆ ಅಂದುಕೊಂಡೆ.

ಚೀಲ ಹೊತ್ತು, ರಟ್ಟಿನ ವಾದ್ಯ ಹಿಡಿದು ತರಗತಿಯಲ್ಲಿ ಮಗಳ ಹಿಂದೆ ನಿಂತೆ. ಮಗುವಿನ ಬಗ್ಗೆ ಪೈಡಗೋಗೋಸ್‌ಗೆ ಎಲ್ಲ ಗೊತ್ತಿರಬೇಕು ಎಂದು ಟೀಚರ್ ಎಲ್ಲರಿಗೂ ಎರಡೆರಡು ಪ್ರಶ್ನೆ ಕೇಳುತ್ತಿದ್ದರು. ಇವಳ ಪಕ್ಕ ಕೂರುವ ಗೆಳತಿ ಯಾರು? ಶೈಮಾ, ಅಂದೆ. ಇವಳಿಗೆ ಯಾವುದರ ಭಯ? ಇವಳಿಗೆ ಭಯ ಅನ್ನೋದೇ ಗೊತ್ತಿಲ್ಲ, ಎಂದು ಬೀಗಿದೆ.

ಮಕ್ಕಳು ಕಿಸಕ್ಕೆಂದರು. ಟೀಚರ್ ಅಮೂಲ್ಯಾಳ ಕಡೆ ತಿರುಗಿದರು.

"ಎರಡೂ ಸರಿ ಮಿಸ್" ಅಂದಳು. ನನಗೆ ಚಪ್ಪಾಳೆ ಬಿತ್ತು.

ಹೊರಗೆ ಬಂದ ಮೇಲೆ ಕೇಳಿದೆ, "ಯಾಕೆ ನಕ್ಕಿದ್ದು ಅವ್ರೆಲ್ಲ?"

"ಶೈಮಾ ಹೋದ ವರ್ಷವೇ ಶಾಲೆ ಬಿಟ್ಟಳಲ್ಲ ಅಮ್ಮ. ಮತ್ತೆ ನನಗೆ ಅಂಡರ್‌ಪಾಸ್ ಅಂದ್ರೆ ಹೆದರಿಕೆ. ಮೂಸಜ್ಜ ಸುತ್ತು ಹಾಕಿ ಮೇಲಿನ ರಸ್ತೆಯಲ್ಲೇ ಹೋಗುವುದು. ಇವತ್ತು ನೀನು ಅದರೊಳಗೇ ಕಾರು ಓಡಿಸಿದೆ, ನಾನು ಕಣ್ಣು ಮುಚ್ಚಿ ಕೂತಿದ್ದೆ."

"ಮತ್ಯಾಕೆ ಸರಿ ಅಂತ ಸುಳ್ಳು ಹೇಳ್ದೆ?"

"ನಾಲ್ಕು ಜನರ ಎದುರು ದೊಡ್ಡವರ ಮರ್ಯಾದೆ ತೆಗೀಬಾರ್ದು ಅಂತ ಮೂಸಜ್ಜ ಹೇಳಿಕೊಟ್ಟಿದ್ದಾರೆ."

ಆ ಮನುಷ್ಯನ ಮೇಲೆ ಅವತ್ತು ಉರಿದಷ್ಟು ನಾನು ಹಿಂದೆಂದೂ ಉರಿದಿರಲಿಲ್ಲ.