ಒಳಕೋಣೆಯವನ ಚೀಲ

ಮಾರ್ಚ್ ತಿಂಗಳ ಹದಿನಾಲ್ಕನೆಯ ತಾರೀಖು. ಒಳಕೋಣೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತವರು ಹದಿಮೂರು ಮಂದಿ, ತಲೆಗೆ ಏಳು ತಟ್ಟೆ, ತೊಳೆಯಬೇಕಾದದ್ದು ತೊಂಬತ್ತೊಂದು. ತಟ್ಟೆ ತೊಳೆಯುವವನು ಮೊದಲ ಸುತ್ತಿನವನ್ನು ಬಿಸಿನೀರಿನ ತೊಟ್ಟಿಗೆ ಇಳಿಸುತ್ತಿದ್ದಾಗ ಬಾಗಿಲಲ್ಲಿ ಅವನ ಷಡ್ಡಕ ಬಂದು ನಿಂತ. ಕೈಗಳಿಗೆ ಬಿಳಿಯ ಗವಸು.

"ಅಣ್ಣ, ಲೋಟ ಬೇಗ ಬೇಕಂತೆ."

"ಬೇಗ ಬೇಕಾದ್ರೆ ಆ ಗವಸು ಬಿಚ್ಚಿ ನೀನೇ ತೊಟ್ಟಿಗೆ ಕೈ ಹಾಕು."

"ಗವಸು ಕೊಳೆ ಆದ್ರೆ ಬೈತಾರಣ್ಣ."

"ಬೈಸ್ಕೋ. ನಮಗೇನು ಇಲ್ಲಿ ದಿನಾ ಹಾರ ಹಾಕ್ತಿದಾರಾ?"

ಷಡ್ಡಕ ನಕ್ಕು ಲೋಟಗಳನ್ನು ಜೋಡಿಸಿಕೊಂಡು ಹೋದ. ಅವನ ಬೂಟು ಸದ್ದು ಮಾಡುತ್ತಿರಲಿಲ್ಲ. ಒಳಕೋಣೆಯ ಆಳಿಗೆ ಸಂಘವೇ ಕೊಡಿಸುವ ಮೆತ್ತನೆಯ ಬೂಟು ಅದು.

ಕಟ್ಟಡ ವಿಶ್ವವಿದ್ಯಾಲಯದ ಹಳೆಯ ಸಂಘದ್ದು. ಓದಲು ಬರುವ ಸಾವಿರಾರು ಹುಡುಗರಲ್ಲಿ ವರ್ಷಕ್ಕೆ ಒಬ್ಬನನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಸೇರಿದವನು ಮುಂದೆ ನ್ಯಾಯಾಧೀಶನೋ ಮಂತ್ರಿಯೋ ಆಗುತ್ತಿದ್ದ. ಆಳುಗಳಲ್ಲಿಯೂ ಒಳಕೋಣೆಯ ಬಡ್ತಿ ಒಬ್ಬನಿಗೇ. ಉಳಿದವರು ಆ ಹೊಸಿಲು ದಾಟುವಂತಿರಲಿಲ್ಲ.

ಷಡ್ಡಕನನ್ನು ಈ ಕೆಲಸಕ್ಕೆ ಕರೆತಂದವನು ತಟ್ಟೆ ತೊಳೆಯುವ ಇವನೇ. ಹೆಂಡತಿಯ ತಂಗಿಯ ಗಂಡ, ವಯಸ್ಸಿನಲ್ಲಿ ಕಿರಿಯ. ಕಿರಿಯನು ಒಳಗೆ ಹೋದ. ಹಿರಿಯನು ತೊಟ್ಟಿಯ ಬಳಿಯೇ ಉಳಿದ. ಮನೆಯಲ್ಲಿ ಹೆಂಡತಿಯದು ದಿನಕ್ಕೊಂದು ವರದಿ.

"ತಂಗಿ ಮನೆಗೆ ಗೋಡೆ ಗಡಿಯಾರ ಬಂತು."

"ಬಂದ್ರೆ ಏನೀಗ? ಅವರ ಮನೇಲಿ ಹೊತ್ತು ಬೇರೆ ಥರ ಹೋಗುತ್ತಾ?"

ಹಾಗೆಂದವನು ಷಡ್ಡಕನ ಮನೆಗೆ ಹೋದಾಗಲೆಲ್ಲ ಗಡಿಯಾರಕ್ಕೆ ಬೆನ್ನು ಹಾಕಿ ಕೂರುತ್ತಿದ್ದ.

"ಏನೋ ಸೀದ ವಾಸನೆ," ಎಂದಳು ಅಡುಗೆಯಕ್ಕ, ಷಡ್ಡಕ ಹೋದ ಬಾಗಿಲನ್ನೇ ನೋಡುತ್ತಿದ್ದ ಇವನ ಕಡೆ ತಿರುಗಿ.

"ಒಲೆ ನೋಡಕ್ಕ."

"ಒಲೆ ಆರಿಸಿ ಎಷ್ಟೊತ್ತಾಯ್ತು. ಉರೀತಿರೋದು ನಿನ್ನ ಹೊಟ್ಟೆ ಕಣಪ್ಪ."

ಅವಳು ಉಗ್ರಾಣಕ್ಕೆ ಹೋದ ಬೆನ್ನಿಗೇ ಹುಡುಗನೊಬ್ಬ ಒಳಬಂದ. ಆ ವರ್ಷ ಸಂಘಕ್ಕೆ ಆಯ್ಕೆಯಾಗಿದ್ದವನು. ಅಂದಿನ ಊಟ ಅವನನ್ನು ಸೇರಿಸಿಕೊಳ್ಳುವುದಕ್ಕೇ ಏರ್ಪಟ್ಟಿತ್ತು. ಸಂಘದವರು ಯಾರೂ ಪಾತ್ರೆ ತೊಳೆಯುವ ಕೋಣೆಗೆ ಕಾಲಿಟ್ಟದ್ದನ್ನು ಇವನು ಕಂಡಿರಲಿಲ್ಲ. ಹುಡುಗ ಒದ್ದೆ ನೆಲದ ಮೇಲೆ ತುದಿಗಾಲಲ್ಲಿ ನಿಂತ.

"ಏ, ಒಳಗೆ ಬಡಿಸ್ತಾನಲ್ಲ, ಅವನ ಚೀಲ ಯಾವುದೋ?"

"ಯಾಕೆ ಸ್ವಾಮಿ?"

"ಇನಾಮು. ಅವನಿಗೆ ಹೇಳಬೇಡ. ಆಮೇಲೆ ನೋಡಿ ಬೆರಗಾಗಲಿ."

ಗೋಡೆಯ ಮೊಳೆಗಳಲ್ಲಿ ಎರಡು ಚೀಲಗಳು ತೂಗುತ್ತಿದ್ದವು. ನೀಲಿಯದು ಷಡ್ಡಕನದು, ಹಸಿರು ಇವನದು. ಇವನ ಒದ್ದೆ ಬೆರಳು ಹಸಿರಿನ ಕಡೆ ಹೋಯಿತು. ಯೋಚಿಸಿ ಹೋದದ್ದಲ್ಲ, ಹೋದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

"ಇದೇ ಸ್ವಾಮಿ."

"ಇನ್ನು ಆ ಕಡೆ ತಿರುಗು."

ಇವನು ತಿರುಗಿದ. ಹುಡುಗ ಹೋದ ಮೇಲೆ ಕೈ ಒರೆಸಿಕೊಂಡು ಚೀಲ ಬಿಚ್ಚಿದ. ಊಟದ ಡಬ್ಬಿಯ ಕೆಳಗೆ, ಒಳಕೋಣೆಯ ಮೇಜಿನ ಮೇಲಿರುವ ಬೆಳ್ಳಿಯ ಉಪ್ಪಿನ ಭರಣಿ.

ಅದನ್ನು ಕೈಯಲ್ಲಿ ಹಿಡಿದು ನಿಂತಿರುವಾಗಲೇ ಒಳಗಿನಿಂದ ಕಾರ್ಯದರ್ಶಿಯ ಗಂಟಲು ಕೇಳಿತು. ವಿಶ್ವವಿದ್ಯಾಲಯದಲ್ಲಿ ಕಾನೂನು ಪಾಠ ಹೇಳುವ ಮನುಷ್ಯ ಆತ.

"ಭರಣಿ ಎಲ್ಲೋ, ಬೋಳಿಮಗನೆ?"

"ಈಗ ಮೇಜಿನ ಮೇಲೇ ಇತ್ತು ಸ್ವಾಮಿ. ನಾನು ಮುಟ್ಟಿಲ್ಲ."

"ಇವನೇ ಎತ್ತಿದ್ದು. ನಾನೇ ಕಂಡೆ," ಎಂದಿತು ಹುಡುಗನ ದನಿ. "ಹಸಿರು ಚೀಲದಲ್ಲಿ ಇಟ್ಟ."

ಹೋದ ವರ್ಷ ಒಳಕೋಣೆಯಲ್ಲಿ ಇದ್ದವನ ಚೀಲದಲ್ಲಿ ಕೈಗಡಿಯಾರ ಸಿಕ್ಕಿತ್ತು. ಅದರ ಹಿಂದಿನವನ ಚೀಲದಲ್ಲಿ ಚಿನ್ನದ ಪೆನ್ನು. ಹುಡುಕಿ ಕೊಟ್ಟವನು ಪ್ರತಿ ಸಲವೂ ಆ ವರ್ಷದ ಹೊಸ ಹುಡುಗ. ಆಳುಗಳಲ್ಲಿ ಒಬ್ಬರೂ ಅಡ್ಡ ಬಂದಿರಲಿಲ್ಲ. ಬೂಟು ಖಾಲಿಯಾಗುವುದನ್ನು ಎಲ್ಲರೂ ಕಾಯುತ್ತಿದ್ದರು. "ಮೆರೆದವನಿಗೆ ಹಾಗೇ ಆಗಬೇಕು," ಎಂದು ಇವನೇ ಅಂದಿದ್ದ.

ನೀಲಿ ಚೀಲ ಒಂದು ಗೇಣು ದೂರದಲ್ಲಿತ್ತು. ಅದರ ಬಾಯಿ ತೆರೆದೇ ಇತ್ತು. ಇವನ ಕೈ ಭರಣಿಯೊಡನೆ ಅದರ ಮೇಲೆ ಹೋಗಿ ನಿಂತಿತು. ಷಡ್ಡಕನ ಮನೆಯ ಬರಿಯ ಗೋಡೆ ಕಣ್ಣಿಗೆ ಬಂತು, ಗಡಿಯಾರ ಇಳಿಸಿದ ಮೊಳೆ ಬಂತು. ನೋಡಿ ಹಿತವಾಯಿತು. ಆ ಹಿತದ ಗುರುತು ಹತ್ತಿತು: ಹೋದ ವರ್ಷ ಇನ್ನೊಬ್ಬನನ್ನು ಬೀದಿಗೆ ನೂಕಿದಾಗ ಆದದ್ದೂ ಇದೇ.

ಕೈ ಹಿಂದಕ್ಕೆ ಬಂತು. ಒದ್ದೆ ಕಾಲಲ್ಲೇ ಅವನು ಹೊಸಿಲು ದಾಟಿದ.

ಷಡ್ಡಕ ನೆಲದ ಮೇಲೆ ಮಂಡಿಯೂರಿದ್ದ. ಜೇಬುಗಳನ್ನು ಹೊರಕ್ಕೆ ಎಳೆದಿದ್ದರು. ಹನ್ನೆರಡು ಮಂದಿ ಊಟ ನಿಲ್ಲಿಸದೆ ನೋಡುತ್ತಿದ್ದರು. ಇವನು ಭರಣಿಯನ್ನು ಹುಡುಗನ ತಟ್ಟೆಯ ಪಕ್ಕದಲ್ಲಿಟ್ಟ.

"ನನ್ನ ಚೀಲದಲ್ಲಿ ಇಟ್ಟು ಬಂದಿದ್ರಿ. ತಗೊಳ್ಳಿ."

ಮೇಜಿನ ಕೊನೆಯಲ್ಲಿ ಒಬ್ಬ ಹೊಟ್ಟೆ ಹಿಡಿದು ನಕ್ಕ.

"ಫೇಲು. ನನ್ನ ಸರದೀಲಿ ನಾನು ರೆಪ್ಪೆ ಬಡೀದೆ ಸಾಕ್ಷಿ ಹೇಳಿದ್ದೆ. ಇವನಿಗೆ ಚೀಲ ಹುಡುಕೋಕೂ ಬರಲಿಲ್ಲ."

"ನನ್ನ ತಪ್ಪಲ್ಲ," ಎಂದ ಹುಡುಗ, ಅಳುವವನಂತೆ. "ಇನಾಮು ಇಡ್ಬೇಕು, ಒಳಕೋಣೆಯವನ ಚೀಲ ಯಾವುದು ಅಂತ ಇವನನ್ನೇ ಕೇಳಿದೆ. ಇವನೇ ಹಸಿರು ತೋರಿಸಿದ."

ಕಾರ್ಯದರ್ಶಿ ಎದ್ದು ಇವನ ಹತ್ತಿರ ಬಂದ. ದನಿ ಮೆತ್ತಗಾಯಿತು.

"ನೋಡು, ನೀನು ಹಳಬ. ಷಡ್ಡಕನೇ ನನ್ನ ಚೀಲದಲ್ಲಿ ಬಚ್ಚಿಟ್ಟ ಅಂತ ಹೇಳು. ನಾಳೆಯಿಂದ ಒಳಕೋಣೆ ನಿನ್ನದು."

ಇವನು ಷಡ್ಡಕನ ಬೂಟನ್ನು ನೋಡಿದ. ಆಸೆ ಆಗಲೂ ಇತ್ತು.

"ಇವನು ಕದ್ದಿಲ್ಲ. ಹೋದ ವರ್ಷದವನೂ ಕದ್ದಿಲ್ಲ. ಕಳ್ಳ ನನ್ಮಕ್ಳು ಯಾರು ಅಂತ ಹೊರಗೆ ಹೇಳ್ತೀನಿ."

"ಈ ಮನೆ ಉಪ್ಪು ತಿಂದು ಹೀಗೆ ಮಾತಾಡ್ತೀಯೇನೋ?"

"ಉಪ್ಪು ತಿಂದಿಲ್ಲ ಸ್ವಾಮಿ. ಭರಣಿ ಬಿಚ್ಚಿ ನೋಡ್ಕೊಳ್ಳಿ."

"ನಿನ್ನ ಮಾತು ಯಾರೋ ಕೇಳ್ತಾರೆ?"

"ನಾನು ಕೇಳಿದೆ," ಎಂದಳು ಅಡುಗೆಯಕ್ಕ. ಅವಳು ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದಳೋ ಯಾರೂ ಕಂಡಿರಲಿಲ್ಲ. "ಮುಂದಿನ ತಟ್ಟೆ ನೀವೇ ಬಡಿಸ್ಕೊಳ್ಳಿ. ತೊಳ್ಕೊಳ್ಳೋದೂ ನೀವೇ."

ಬೂಟು, ಗವಸು ಬಿಚ್ಚಿಟ್ಟು ಹೋಗಬೇಕೆಂದು ಕಾರ್ಯದರ್ಶಿ ಷಡ್ಡಕನಿಗೆ ಹೇಳಿದ. ಷಡ್ಡಕ ಅವನ್ನು ಊಟದ ಮೇಜಿನ ನಡುವೆ ಬಿಚ್ಚಿಟ್ಟ.

ಹೊರಗೆ ಬಿಸಿಲು ಸುಡುತ್ತಿತ್ತು. ಅಡುಗೆಯಕ್ಕ ಹೋದ ವರ್ಷದವನ ಮನೆಯ ದಾರಿ ಹಿಡಿದಳು. ಅವನಿಗೆ ಮೊದಲು ತಿಳಿಯಬೇಕು ಎಂದಳು. ಷಡ್ಡಕರಿಬ್ಬರೂ ಗೋಡೆಯ ನೆರಳಿನಲ್ಲಿ ನಡೆದರು. ಕಿರಿಯವನಿಗೆ ಬರಿಗಾಲಿನ ರೂಢಿ ತಪ್ಪಿತ್ತು; ನೆರಳು ಮುಗಿದಲ್ಲಿ ನಿಂತ.

"ಅಣ್ಣ, ನನ್ನ ಮಾನ ಉಳಿಸಿದೆ. ಸಾಯೋವರೆಗೂ ಮರೆಯಲ್ಲ."

"ನಡಿ, ಕಾಲು ಸುಡುತ್ತೆ."

"ಒಂದು ಮಾತು. ಅವನು ಕೇಳಿದ್ದು ನನ್ನ ಚೀಲ. ಇನಾಮು ಅಂದಿದ್ದ." ಷಡ್ಡಕ ಇವನ ಮುಖ ನೋಡಲಿಲ್ಲ. "ಅದು ನಿಜವಾಗ್ಲೂ ಇನಾಮೇ ಆಗಿದ್ದಿದ್ರೆ?"

ಇವನು ಬಾಯಿ ತೆರೆದ. ಷಡ್ಡಕ ಕಾದ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ.