ತಳಕ್ಕಿಳಿದ ಕುರ್ಚಿ

ಬೆಳಗಾದರೆ ಸಾಕು, ಪಾರ್ಲರ್ ಅಕ್ಕನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಳ್ಳುತ್ತಿತ್ತು. ಏಪ್ರನ್ ಕಟ್ಟಿಸಿಕೊಳ್ಳಲು ವಾರಗಿತ್ತಿಯ ಮುಂದೆ ಬೆನ್ನು ತಿರುಗಿಸಿ ನಿಲ್ಲಬೇಕಲ್ಲ, ಅದಕ್ಕೆ. ಮೈದುನನ ಈ ಹೆಂಡತಿ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಉದ್ದ. ಅಕ್ಕ ಮನಸ್ಸಿನಲ್ಲೇ ಅವಳಿಗೆ ಇಟ್ಟಿದ್ದ ಹೆಸರು ಏಣಿ.

"ಬಿಗಿಯಾಯ್ತಾ ಅಕ್ಕ?"

"ಉಸಿರಾಡೋಕಾಗ್ತಿದೆ. ಸಾಕು ಬಿಡು."

ಎರಡು ವರ್ಷದ ಹಿಂದೆ, ದಿನಾ ಎತ್ತುವ ಅದೇ ಷಟರನ್ನು ಎತ್ತುವಾಗ ಅಕ್ಕನ ಬಲತೋಳು ಕಟಕ್ಕೆಂದು ಮುರಿದಿತ್ತು. ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. "ಇಷ್ಟಕ್ಕೇ ಮುರೀತಾ?" ಎಂದವರಿಗೆಲ್ಲ ಉತ್ತರ ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. "ಮೂಳೆ ಒಳಗೊಳಗೇ ಟೊಳ್ಳಾಗಿತ್ತಮ್ಮ, ಷಟರ್ ಬರೀ ನೆಪ" ಎಂದ ಡಾಕ್ಟರು ಒಳಗೊಂದು ಕಂಬಿ ಇಟ್ಟು ಕೂಡಿಸಿದರು. ಮೂಳೆಯೇನೋ ಕೂಡಿತು. ಆದರೆ ತೋಳು ಭುಜದ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ, ಬೆನ್ನ ಹಿಂದಕ್ಕಂತೂ ಹೋಗುವುದೇ ಇಲ್ಲ. ತನ್ನ ಜಡೆ ತಾನು ಹಾಕಿಕೊಳ್ಳಲಾರಳು. ಎಲ್ಲಿ ಮತ್ತೆ ಮುರಿಯುತ್ತದೋ ಎಂಬ ಭಯಕ್ಕೆ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲಾರಳು. ಇನ್ನು ಎತ್ತರದ ಮರದ ಕುರ್ಚಿಯಲ್ಲಿ ಕೂತ ಗಿರಾಕಿಗಳ ನೆತ್ತಿ ಕುಳ್ಳಗಿನ ಅವಳಿಗೆ ಎಟುಕುವುದಾದರೂ ಹೇಗೆ?

ಅವಳು ಮನೆಯಲ್ಲಿ ಕೂತಿದ್ದಾಗ ಪಾರ್ಲರ್ ನಡೆಸಿದವಳು ಏಣಿ. ಕತ್ತರಿ ಹಿಡಿಯುವುದನ್ನು ಅಕ್ಕನೇ ಕಲಿಸಿದ್ದಳು, ಆ ಹುಡುಗಿ ಬೇಕಾದ್ದಕ್ಕಿಂತ ಚೆನ್ನಾಗಿಯೇ ಕಲಿತಿದ್ದಳು. ಅಕ್ಕ ವಾಪಸ್ ಬಂದಾಗ ತನ್ನ ಹಳೆಯ ಮರದ ಕುರ್ಚಿಯ ಪಕ್ಕ ಹೊಸದೊಂದು ಕೂತಿತ್ತು. ಪೆಡಲ್ ಒತ್ತಿದರೆ ಅದರ ಸೀಟು ಮೇಲೇರುತ್ತದೆ, ಒಂದು ಪಿನ್ನು ಅದನ್ನು ಅಲ್ಲೇ ಹಿಡಿದಿಡುತ್ತದೆ. "ಅಕ್ಕ, ನೀವೂ ಇದನ್ನೇ ಬಳಸಿ" ಎಂದು ಏಣಿ ಎಷ್ಟು ಸಲ ಹೇಳಿದರೂ ಅಕ್ಕ ಅದನ್ನು ಮುಟ್ಟಲಿಲ್ಲ. ಮುಟ್ಟಿದರೆ ಮೂಗು ಕೊಯ್ದುಕೊಂಡಂತೆ. ಹುಬ್ಬು ತೀಡಿ, ಉಗುರು ಕತ್ತರಿಸಿ ದಿನ ದೂಡಿದಳು.

ಅದನ್ನೂ ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಟೀಚರಮ್ಮ! ಕೂದಲು ಕಪ್ಪಗಿದ್ದಾಗಿನಿಂದ ಅಕ್ಕನ ಕೈಗಲ್ಲದೆ ಬೇರೆಯವರಿಗೆ ತಲೆ ಕೊಡದ ಹೆಂಗಸು. ಹೋದ ಸಲ ಆಕೆ ಹೊಸ ಕುರ್ಚಿಯಲ್ಲಿ ಕೂತು, ಕನ್ನಡಿ ನೋಡಿಕೊಂಡು, "ಎಷ್ಟು ಹಗುರ ಕಣೇ ನಿನ್ನ ಕೈ!" ಎಂದು ಏಣಿಯನ್ನು ಹೊಗಳಿದಳು. ಮೂಲೆಯಲ್ಲಿ ಯಾರದೋ ಕಾಲುಗುರು ಉಜ್ಜುತ್ತಿದ್ದ ಅಕ್ಕ ಇನ್ನಷ್ಟು ಜೋರಾಗಿ ಉಜ್ಜಿದಳು.

ಟೀಚರಮ್ಮ ಮತ್ತೆ ಬರುವ ಹಿಂದಿನ ಸಂಜೆ ಏಣಿ ತರಕಾರಿ ತರಲು ಬೇಗ ಹೊರಟಳು. ಅಕ್ಕ ಬಗ್ಗಿ, ಕುರ್ಚಿಯ ಪಿನ್ನು ಎಳೆದು ಏಪ್ರನ್ ಜೇಬಿಗೆ ಹಾಕಿಕೊಂಡಳು. ಸೀಟು ಉಸ್ಸೆಂದು ತಳ ಕಂಡಿತು. ಮುಂದೇನು ಎಂದು ಅವಳು ಯೋಚಿಸಲಿಲ್ಲ. ಹೊಟ್ಟೆಕಿಚ್ಚಿಗೆ ಅಷ್ಟು ಪುರುಸೊತ್ತು ಎಲ್ಲಿ?

ಮರುದಿನ ಏಣಿ ಪೆಡಲ್ ಒತ್ತಿ ಒತ್ತಿ ಬೆವರಿದಳು. ಮರದ ಕುರ್ಚಿಯಲ್ಲಿ ಒಬ್ಬಾಕೆ ತಲೆಗೆ ಬಣ್ಣ ಮೆತ್ತಿಸಿಕೊಂಡು ಒಣಗಲು ಕೂತಿದ್ದಳು. ಟೀಚರಮ್ಮ ವಿಧಿಯಿಲ್ಲದೆ ತಳಕ್ಕಿಳಿದ ಕುರ್ಚಿಯಲ್ಲೇ ಕೂತಳು. ಏಣಿ ಸೊಂಟ ಹಿಡಿದು, ಎರಡು ಮಡಿಕೆಯಾಗಿ ಬಾಗಿ, ನಾಲ್ಕು ಎಳೆ ಕತ್ತರಿಸುವಷ್ಟರಲ್ಲಿ ಅಯ್ಯೋ ಅಮ್ಮಾ ಎಂದು ನೆಟ್ಟಗಾದಳು. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಅಕ್ಕ, ನನ್ನ ಕೈಲಾಗಲ್ಲ. ನೀವೇ ಬನ್ನಿ" ಎಂದು ಏಣಿ ಕತ್ತರಿಯನ್ನು ಮುಂದೆ ಚಾಚಿದಳು.

ಇದನ್ನು ಅಕ್ಕ ಎಣಿಸಿರಲಿಲ್ಲ. ಒಲ್ಲದ ಮನಸ್ಸಿನಿಂದಲೇ ಹೋಗಿ ನಿಂತಳು. ತೋಳು ಭುಜದ ಮಟ್ಟಕ್ಕೆ ಬಂತು. ಟೀಚರಮ್ಮನ ನೆತ್ತಿ ಅದಕ್ಕಿಂತ ಕೆಳಗಿತ್ತು! ಬಾಚಣಿಗೆ ಇಳಿಯಿತು, ಕತ್ತರಿ ಆಡಿತು. ಮುಗಿಸುವಾಗ ಅಕ್ಕನ ಕಣ್ಣು ತುಂಬಿತ್ತು. ಟೀಚರಮ್ಮ ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹೋದ ಕೈ ವಾಪಸ್ ಬಂತಲ್ಲೇ! ಇನ್ಮೇಲೆ ನೀನೇ ಕಣೇ ನಂಗೆ."

ಸಂಜೆ ಏಣಿ ಹಿಂದೆ ನಿಂತು ಏಪ್ರನ್ನಿನ ಗಂಟು ಬಿಚ್ಚಿ, ಬಟ್ಟೆಯನ್ನು ಕೊಡವಿದಳು. ಜೇಬಿನಿಂದ ಪಿನ್ನು ನೆಲಕ್ಕೆ ಬಿದ್ದು ಟಣ್ಣೆಂದಿತು, ಉರುಳಿಕೊಂಡು ಹೋಗಿ ಕುರ್ಚಿಯ ಬುಡದಲ್ಲೇ ನಿಂತಿತು.

ಅಕ್ಕ ತಲೆ ಎತ್ತಲಿಲ್ಲ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. "ಹೊಟ್ಟೆ ಉರೀತಿತ್ತು ಕಣೇ" ಎಂದಳು. "ನಿನ್ನ ನೋಡಿದ್ರೆ, ನಿನ್ನ ತೋಳು ಮೇಲೆ ಹೋಗೋದು ನೋಡಿದ್ರೆ."

ಏಣಿ ಪಿನ್ನನ್ನು ಎತ್ತಿಕೊಂಡಳು. ಸಿಟ್ಟು ಬಂದಿತ್ತು, ಮುಖ ಕೆಂಪಾಗಿತ್ತು. ಆದರೂ ಅದನ್ನು ಅಕ್ಕನ ಅಂಗೈಗೇ ಹಾಕಿದಳು.

"ನೀವೇ ಇಟ್ಕೊಳ್ಳಿ. ಕುರ್ಚಿ ಹಾಗೇ ಇರ್ಲಿ, ನಂಗೆ ಮರದ್ದೇ ಸಾಕು. ನೀವು ವಾಪಸ್ ಬಂದಾಗಿನಿಂದ ಇದನ್ನೇ ಇಳಿಸಿ ಬಳಸಿ ಅಂತ ಬಡ್ಕೊಂಡೆ, ನೀವು ಮುಟ್ಟಲಿಲ್ಲ." ಷಟರಿನತ್ತ ಹೊರಟವಳು ಅರ್ಧದಲ್ಲಿ ನಿಂತಳು. "ಮತ್ತೆ ಅಕ್ಕ, ನಿಮಗೊಬ್ಬರಿಗೇ ಅಂದ್ಕೋಬೇಡಿ. ಟೀಚರಮ್ಮ ಇವತ್ತು ನಿಮ್ಮ ಕೈ ಹಿಡ್ಕೊಂಡ್ರಲ್ಲ, ಆಗ ನಂಗೂ ಉರೀತು. ನನ್ನ ಕೈ ಅವರು ಒಂದಿನಾನೂ ಹಿಡ್ಕೊಂಡಿಲ್ಲ."

ಅಕ್ಕ ಥಟ್ಟನೆ ತಲೆ ಎತ್ತಿದಳು. "ನಿಜವಾಗ್ಲೂ?"

"ತುಂಬಾ."

ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೂ ಏಣಿ ಷಟರ್ ಎಳೆಯುವುದನ್ನು ನೋಡುತ್ತ ನಿಂತ ಅಕ್ಕನಿಗೆ ಎರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು.