ನೂರಾ ಹದಿನಾಲ್ಕು ಮೆಟ್ಟಿಲು

ನಕ್ಷೆಯಲ್ಲಿ ಮೂರನೇ ಸಲ ತಿದ್ದಿದ ಗೆರೆಯೂ ಮತ್ತೆ ರಸ್ತೆಯಾಗಿ ಕೂತಿತ್ತು. ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು ಕಂಪ್ಯೂಟರಿನ ಪರದೆಯನ್ನು ದಿಟ್ಟಿಸಿದಳು. ಗುಡ್ಡದ ಮೇಲಿನ ಬೀದಿಗೆ ಹತ್ತುವ ಆ ಗೆರೆಯನ್ನು ಅವಳು ಬೆಳಗ್ಗೆಯಿಂದ ಮೆಟ್ಟಿಲು ಎಂದು ಗುರುತಿಸುತ್ತಿದ್ದಳು. ಎಲ್ಲೋ ದೂರದಲ್ಲಿ ಕೂತ ಒಬ್ಬಾತ ಅದನ್ನು ವಾಹನ ಹೋಗುವ ರಸ್ತೆ ಎಂದು ಬದಲಿಸುತ್ತಿದ್ದ. ಈ ಸಲ ಒಂದು ಸಾಲು ಬರೆದೂ ಇದ್ದ: ಉಪಗ್ರಹದ ಚಿತ್ರದಲ್ಲಿ ರಸ್ತೆ ಸ್ಪಷ್ಟವಾಗಿ ಕಾಣುತ್ತದೆ, ಪುರಾವೆಯಿಲ್ಲದೆ ಕೈಹಾಕಬೇಡಿ. ಅದರ ಕೆಳಗೆ, ಅವಳ ಖಾತೆಯನ್ನು ಎರಡು ದಿನ ತಡೆಹಿಡಿದಿದ್ದೇವೆ ಎಂಬ ಸೂಚನೆ.

ಆ ತಾಲೂಕು ಕಚೇರಿಯಲ್ಲಿ ಅವಳು ಎಲ್ಲರಿಗೂ ಅತ್ತೆಯೇ. ನಕ್ಷೆಯ ಕೆಲಸ ನೋಡಿಕೊಳ್ಳುವ ಹುಡುಗಿ ಅವಳ ತಮ್ಮನ ಮಗಳು. ಅವಳು ಕರೆದದ್ದೇ ಮಿಕ್ಕವರ ಬಾಯಿಗೂ ಬಂದಿತ್ತು. ಗುಡ್ಡದ ನೆತ್ತಿಯಲ್ಲಿ ಬಿರುಕು ಕಂಡ ದಿನದಿಂದ ಸಾವಿರಾರು ಜನ ತಂತಮ್ಮ ಮನೆಯಲ್ಲೇ ಕೂತು, ಆಕಾಶದಿಂದ ತೆಗೆದ ಚಿತ್ರ ನೋಡಿ, ಊರಿನ ಮನೆಗಳನ್ನೂ ದಾರಿಗಳನ್ನೂ ಗೆರೆ ಎಳೆದು ತುಂಬಿಸುತ್ತಿದ್ದರು. ತಪ್ಪು ಹುಡುಕಲು ಊರನ್ನು ಬಲ್ಲವರು ಬೇಕಾದಾಗ ಹುಡುಗಿಗೆ ನೆನಪಾದದ್ದು ಅತ್ತೆ. ಇಪ್ಪತ್ತೊಂಬತ್ತು ವರ್ಷ ಮನೆಮನೆ ತಿರುಗಿ ಕರೆಂಟ್ ಮೀಟರ್ ಓದಿದವಳು. ಆ ಮೆಟ್ಟಿಲು ಅವಳ ಮಂಡಿಗೆ ಬಾಯಿಪಾಠವಾಗಿತ್ತು.

ಗುಡ್ಡ ಯಾವಾಗ ಬೇಕಾದರೂ ಜಾರಬಹುದಿತ್ತು. ಮಧ್ಯಾಹ್ನ ಎರಡಕ್ಕೆ ಮೂರು ಬಸ್ಸು ಹೊರಟು, ಮೇಲಿನ ಬೀದಿಯ ನೂರಿಪ್ಪತ್ತು ಜನರನ್ನು ಸಂಜೆಯೊಳಗೆ ಕೆಳಗಿಳಿಸಬೇಕಿತ್ತು. ನಕ್ಷೆ ನಂಬಿದರೆ ಹತ್ತು ನಿಮಿಷದ ದಾರಿ. ನಿಜವಾದ ದಾರಿ ಕಲ್ಲುಗಣಿಯನ್ನು ಬಳಸಿ ಹಿಂದಿನಿಂದ ಏರುವುದು, ಒಂದೂಕಾಲು ಗಂಟೆ. ಬಸ್ಸುಗಳೂ ಚಾಲಕರೂ ಬೇರೆ ಊರಿನವರು.

ಮೆಟ್ಟಿಲಿನ ಫೋಟೊ ಇದ್ದರೆ ಮಾತ್ರ ಗೆರೆ ಬದಲಾಗುತ್ತದೆ, ಅಲ್ಲಿಗೆ ಹೋಗುವುದನ್ನು ಪೊಲೀಸರು ನಿಲ್ಲಿಸಿದ್ದಾರೆ ಎಂದು ಹುಡುಗಿ ಮೆಲ್ಲಗೆ ಹೇಳಿದಳು.

"ನನ್ನ ಮಂಡಿ ಪುರಾವೆ ಅಲ್ವೇನೇ?" ಎಂದು ಅತ್ತೆ ಎದ್ದು ಕಚೇರಿಯ ಸಾಹೇಬರ ಕೋಣೆಗೆ ನಡೆದಳು.

ಸಾಹೇಬರು ಈ ಊರಿಗೆ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು. ನಕ್ಷೆಗೆ ನೂರಕ್ಕೆ ತೊಂಬತ್ತೇಳು ಅಂಕ ಬಂದಿದೆ, ಮೇಲಿನವರು ಮೆಚ್ಚಿದ್ದಾರೆ, ಚಾಲಕರ ಪ್ರತಿಗಳು ಆಗಲೇ ಅಚ್ಚಾಗಿವೆ ಎಂದು ವಿವರಿಸಿದರು. ಅತ್ತೆ ಕದಲದೆ ನಿಂತಿದ್ದು ನೋಡಿ ದನಿ ತಗ್ಗಿಸಿದರು.

"ನೋಡಿ ಅಮ್ಮ, ಆ ಮನುಷ್ಯ ಇಲ್ಲಿವರೆಗೆ ನಲವತ್ತು ಸಾವಿರ ಗೆರೆ ಎಳೆದಿದಾನೆ. ನೀವು ಹನ್ನೊಂದು. ನಾನು ಯಾರನ್ನ ನಂಬಲಿ?"

"ಹತ್ತಿ ಇಳಿದವರನ್ನ ನಂಬಿ ಸಾರ್."

ಅವರು ಫೋನ್ ಎತ್ತಿಕೊಂಡರು. ಮಾತು ಮುಗಿಯಿತೆಂದು ಅರ್ಥ.

ಅತ್ತೆ ಹಾಜರಿ ಪುಸ್ತಕದ ಪಕ್ಕದಲ್ಲಿದ್ದ ಕೆಂಪು ಪೆನ್ನನ್ನು ತೆಗೆದುಕೊಂಡು ಸೀದಾ ಅಂಗಳಕ್ಕೆ ಇಳಿದಳು. ಬಸ್ಸಿನ ನೆರಳಲ್ಲಿ ಊಟಕ್ಕೆ ಕೂತಿದ್ದ ಮೂವರು ಚಾಲಕರಿಂದ ಹಾಳೆಗಳನ್ನು ಕೇಳಿ ಪಡೆದು, ಒಂದೊಂದರಲ್ಲೂ ಆ ಗೆರೆಯನ್ನು ಅಡ್ಡಡ್ಡ ಹೊಡೆದಳು. ಮೆಟ್ಟಿಲು, ನೂರಾ ಹದಿನಾಲ್ಕು, ಬಸ್ಸು ಹೋಗಲ್ಲ ಎಂದು ಬರೆದಳು. ಗಣಿಯ ದಾರಿಯನ್ನು ತಿರುವು ತಿರುವಾಗಿ ಎಳೆದು, ಕೆಳಗೆ ಪೂರ್ತಿ ಹೆಸರಿನ ಸಹಿ ಹಾಕಿದಳು.

ಸುದ್ದಿ ಕೇಳಿ ಸಾಹೇಬರು ಇಳಿದು ಬಂದರು. ಸರಕಾರಿ ಕಾಗದವನ್ನು ಹೀಗೆ ಗೀಚುವುದು ಅಪರಾಧ ಎಂದರು. ಬರೆದುಕೊಳ್ಳಿ, ಹೆಸರು ಅಲ್ಲೇ ಇದೆ ಎಂದಳು ಅತ್ತೆ. ಸಾಹೇಬರು ತಮ್ಮ ಹಿಂದೆಯೇ ಓಡಿ ಬಂದಿದ್ದ ಹುಡುಗಿಯತ್ತ ತಿರುಗಿ, ಮೂರೂ ಹಾಳೆಗಳನ್ನು ಹೊಸದಾಗಿ ಅಚ್ಚು ಹಾಕಿಸಿ ತರಲು ಹೇಳಿದರು.

ಹುಡುಗಿ ಅಲ್ಲೇ ನಿಂತಳು. ಚಿಕ್ಕಂದಿನಿಂದಲೂ ಎದುರು ಮಾತಾಡಿದವಳಲ್ಲ. ಅವಳ ಕಿವಿ ಕೆಂಪಾಗುತ್ತಿದ್ದುದು ಅತ್ತೆಗೆ ಕಂಡಿತು. ಕೊನೆಗೆ ಹುಡುಗಿ ಪೆನ್ನಿಗಾಗಿ ಕೈಚಾಚಿದಳು.

"ಹೊಸ ಪ್ರತಿ ತೆಗೆಯಲ್ಲ ಸಾರ್," ಎಂದಳು. ಬಸ್ಸಿನ ಬದಿಗೆ ಹಾಳೆ ಒತ್ತಿ ಹಿಡಿದು, ಅತ್ತೆಯ ಸಹಿಯ ಕೆಳಗೆ ತನ್ನದನ್ನೂ ಹಾಕಿದಳು.

ಹಿರಿಯ ಚಾಲಕ ಕೈ ತೊಳೆದು ಬಂದು ಎರಡೂ ಸಹಿಗಳನ್ನು ಓದಿದ. "ಮೆಟ್ಟಿಲ ಮೇಲೆ ಬಸ್ಸು ಓಡಿಸಿ ನನಗೆ ಅಭ್ಯಾಸ ಇಲ್ಲ," ಎಂದ. "ಹತ್ತಿ ಅಕ್ಕ, ಮುಂದೆ ಕೂತು ದಾರಿ ತೋರಿಸಿ."

ಗಂಟೆ ಒಂದಾಗುವ ಮುಂಚೆಯೇ ಮೂರೂ ಬಸ್ಸು ಹೊರಟವು. ಮೇಲಿನ ಬೀದಿಯಲ್ಲಿ ಅತ್ತೆ ಬಾಗಿಲು ಬಾಗಿಲು ತಟ್ಟಿದಳು. ಕಿವಿ ಕೇಳದ ಅಜ್ಜ ಯಾವ ಹಿಂದಿನ ಕೋಣೆಯಲ್ಲಿ ಮಲಗುತ್ತಾನೆ, ಯಾವ ಬಾಣಂತಿ ಮಹಡಿಯಲ್ಲಿದ್ದಾಳೆ ಎಂಬುದು ಯಾವ ನಕ್ಷೆಯಲ್ಲೂ ಇರಲಿಲ್ಲ. ಕೊನೆಯ ಬಸ್ಸು ನಾಲ್ಕೂವರೆಗೆ ಗಣಿಯ ತಿರುವು ದಾಟಿತು. ಐದೂಕಾಲಕ್ಕೆ ಗುಡ್ಡ ಜಾರಿತು. ಮೇಲಿನ ಬೀದಿಯ ಅರ್ಧ ಮನೆಗಳು, ಮೆಟ್ಟಿಲು, ಪೊಲೀಸರು ಮೊದಲೇ ಮುಚ್ಚಿಸಿದ್ದ ಬುಡದ ಅಂಗಡಿಸಾಲು ಎಲ್ಲ ಮಣ್ಣಿನಡಿಯಾದವು. ಜನ ಮಾತ್ರ ಒಬ್ಬರೂ ಸಿಕ್ಕಿಕೊಳ್ಳಲಿಲ್ಲ.

ಮೂರನೇ ದಿನ ಅತ್ತೆಯ ಖಾತೆ ತೆರೆಯಿತು. ದೂರದ ಆತ ಹೊಸ ಚಿತ್ರ ನೋಡಿ ಒಂದು ಸಾಲು ಕಳಿಸಿದ್ದ: ಇಲ್ಲಿದ್ದ ರಸ್ತೆ ಈಗ ಕಾಣುತ್ತಿಲ್ಲ, ಏನೆಂದು ಗುರುತಿಸಲಿ? ಅಂದೇ ಹುಡುಗಿಯ ಮೇಜಿಗೆ ಸಾಹೇಬರ ನೋಟಿಸೂ ಬಂದಿತ್ತು, ಏಳು ದಿನದೊಳಗೆ ವಿವರಣೆ ಕೊಡತಕ್ಕದ್ದು. ಅವಳು ಅದನ್ನು ಮಡಚಿ, ಕುಂಟುತ್ತಿದ್ದ ಮೇಜಿನ ಕಾಲಿಗೆ ಒತ್ತುಕೊಟ್ಟಳು.

ಅತ್ತೆ ನಕ್ಷೆಯನ್ನು ಪಕ್ಕದ ಗುಡ್ಡಕ್ಕೆ ಸರಿಸಿದಳು. ಅಲ್ಲೂ ಮನೆಗಳ ನಡುವೆ ಅಂಥದೇ ಒಂದು ನೆಟ್ಟನೆಯ ಗೆರೆ ಇತ್ತು. ಅವಳು ಎದ್ದು ಹೋಗಿ, ಹೊಸ್ತಿಲ ಮೇಲೆ ಕೂತು ಬೂಟಿನ ಲೇಸು ಬಿಗಿಯತೊಡಗಿದಳು. ತಮ್ಮನ ಮಗಳು ಆಗಲೇ ಅಳತೆಯ ಟೇಪು ಹಿಡಿದು ಗೇಟಿನ ಬಳಿ ನಿಂತಿದ್ದಳು.